ಅರೆಮಂಡಿ (ಮಂಡಿ ಬಗ್ಗಿಸಿ ಅರ್ಧ ಕೂತ ಭಂಗಿ) ಕೂರಲಾಗದವರಿಗೆ ಭರತನಾಟ್ಯ ಕಲಿಸಬಹುದಾ? ಮಂಗಳೂರಿನ ಒಂದು ಕ್ಲಾಸಿನ ಅನುಭವ, ನಿಮ್ಮ ಅಭಿಪ್ರಾಯ ಬೇಕು

ತಟ್ಟುಮಣೆ_ಬಿಜೈ

ನಮಸ್ಕಾರ. ನೇರ ವಿಷಯಕ್ಕೆ ಬರುತ್ತೇನೆ. ಬಿಜೈಯಲ್ಲಿ ಒಂದು ಸಣ್ಣ ಭರತನಾಟ್ಯ ಕ್ಲಾಸ್ ನಡೆಸುತ್ತಿದ್ದೇನೆ. ಯಾರು ಬೇಕಾದರೂ ಬರಬಹುದು. ಮಂಡಿ ನೋವಿನ ಅಜ್ಜಿ, ವೀಲ್‌ಚೇರ್‌ನಲ್ಲಿ ಓಡಾಡುವವರು, ಕಿವಿ ಕೇಳದವರು, ಕಣ್ಣು ಕಾಣದವರು, ಆಟಿಸಂ ಇರುವ ಮಕ್ಕಳು, ಇದ್ಯಾವುದೂ ಇಲ್ಲದೆ ಸುಮ್ನೆ ಕುಣಿಯಬೇಕು ಅನಿಸಿದವರು. 'ವಿಶೇಷ ಬ್ಯಾಚ್' ಅಂತ ಬೇರೆ ಮಾಡಿಲ್ಲ. ಎಲ್ಲರೂ ಒಂದೇ ಹಾಲ್, ಒಂದೇ ಹೊತ್ತು. ಕರಾವಳಿಯಲ್ಲಿ ಹೀಗೆ ಕಲಿಸುವವರು, ಕಲಿಯುವವರು ಇದ್ದರೆ ಮಾತಾಡೋಣ ಅಂತ ಬರೆಯುತ್ತಿದ್ದೇನೆ.

ನನ್ನದು ಎಲ್ಲರ ಮನೆಯ ಕಥೆಯೇ. ಚಿಕ್ಕಂದಿನಲ್ಲಿ ಕಲಿತೆ, ಜೂನಿಯರ್ ಪರೀಕ್ಷೆ ಪಾಸಾದೆ. ಎಸ್ಸೆಸ್ಸೆಲ್ಸಿ ಬಂತು, ಗೆಜ್ಜೆ ಅಟ್ಟ ಸೇರಿತು. ಹತ್ತನೇ ಕ್ಲಾಸ್ ಶುರುವಾದ ಕೂಡಲೇ ನಮ್ಮೂರ ಡ್ಯಾನ್ಸ್ ಕ್ಲಾಸುಗಳು ಅರ್ಧ ಖಾಲಿಯಾಗುವುದು ನಿಮಗೂ ಗೊತ್ತು ಅಲ್ವಾ. ಮತ್ತೆ ಹೆಜ್ಜೆ ಹಾಕಿದ್ದು ಮಕ್ಕಳು ಶಾಲೆಗೆ ಹೋಗಲು ಶುರು ಮಾಡಿದ ಮೇಲೆ. ಆಗ ಮೈ ಹೇಳಿದ ಮಾತು ಕೇಳುತ್ತಿರಲಿಲ್ಲ. ಚಿಕ್ಕವಳಿದ್ದಾಗ ಟೀಚರ್ ಮಾಡಿದ್ದನ್ನು ನೋಡಿ ಮಾಡುತ್ತಿದ್ದೆ, ಅಷ್ಟೇ. ಈಗ ಒಂದೊಂದು ಅಡವನ್ನೂ, ಅಂದರೆ ಕೈ ಕಾಲು ಸೇರಿದ ಮೂಲ ಹೆಜ್ಜೆಯನ್ನೂ, ಬಿಡಿಸಿ ನೋಡಬೇಕಾಯಿತು. ತೂಕ ಯಾವ ಕಾಲಿನ ಮೇಲಿದೆ, ಯಾವಾಗ ಬದಲಾಗುತ್ತದೆ, ಕೈ ಮೊದಲೋ ಕಣ್ಣು ಮೊದಲೋ. ಸಲೀಸಾಗಿ ಬಂದವರು ಇದನ್ನು ಯೋಚಿಸುವುದೇ ಇಲ್ಲ. ಹೀಗೆ ಬಿಡಿಸಿಕೊಂಡು ಕಲಿತಿದ್ದರಿಂದಲೇ ಬೇರೆ ಬೇರೆ ಮೈಯವರಿಗೆ ಕಲಿಸಲು ನನಗೆ ಸಾಧ್ಯವಾಯಿತು ಅನಿಸುತ್ತದೆ.

ಕಲಿಸಲು ಶುರು ಮಾಡಿದ ಮೇಲೆ ಕಣ್ಣಿಗೆ ಬಿದ್ದ ಒಂದು ವಿಷಯ ಹೇಳಲೇಬೇಕು. ಭರತನಾಟ್ಯದಲ್ಲಿ ಲೆಕ್ಕ ಬಾಯಲ್ಲೂ ಓಡುತ್ತದೆ, ಕೈಯಲ್ಲೂ ಓಡುತ್ತದೆ. ಆದಿತಾಳ ನೋಡಿ. 8 ಎಣಿಕೆ. ಒಂದು ತಟ್ಟು, ಮೂರು ಬೆರಳು, ಆಮೇಲೆ ತಟ್ಟಿ ತಿರುಗಿಸುವುದು ಎರಡು ಸಲ. ಇದು ಪೂರ್ತಿ ಕಣ್ಣಿಗೆ ಕಾಣುವ ಲೆಕ್ಕ. ಕಿವಿ ಕೇಳದ ಹುಡುಗಿ ನನ್ನ ಕೈ ನೋಡಿಯೇ ತಾಳ ಹಿಡಿಯುತ್ತಾಳೆ. ಇನ್ನು ಸೊಲ್ಲುಕಟ್ಟು, ಅಂದರೆ ಹೆಜ್ಜೆಗೆ ತಕ್ಕಂತೆ ಬಾಯಲ್ಲಿ ಹೇಳುವ ತಾಳದ ಅಕ್ಷರಗಳು. 'ತೈಯ ತೈ' ಅಂದರೆ ತಟ್ಟಡವು, 'ತೈಯುಂ ತತ್ತ' ಅಂದರೆ ನಾಟಡವು. ಒಮ್ಮೆ ಕಾಲಿಗೂ ಕಿವಿಗೂ ಹೊಂದಿಸಿಕೊಟ್ಟರೆ ಸಾಕು, ಮುಂದೆ ಏನು ಮಾಡಬೇಕು ಅನ್ನುವುದು ಬಾಯಿಯ ಸೊಲ್ಲಿನಲ್ಲೇ ಬಂದುಬಿಡುತ್ತದೆ. ಕಣ್ಣು ಕಾಣದವರಿಗೆ ಇದಕ್ಕಿಂತ ಒಳ್ಳೆಯ ಸೂಚನೆ ಎಲ್ಲಿ ಸಿಗುತ್ತದೆ? ನಾನು ಹೊಸದಾಗಿ ಏನನ್ನೂ ಕಂಡುಹಿಡಿಯಲಿಲ್ಲ. ಹಳಬರು ಇಟ್ಟುಹೋದದ್ದನ್ನು ಅರ್ಧಕ್ಕೆ ನಿಲ್ಲಿಸದೆ ಪೂರ್ತಿ ಬಳಸುತ್ತಿದ್ದೇನೆ. ಕೈಯಲ್ಲಿ ತಾಳ, ಬಾಯಲ್ಲಿ ಸೊಲ್ಲು, ಎರಡೂ ಯಾವಾಗಲೂ ಒಟ್ಟಿಗೆ.

ಕೂತು ಕಲಿಯುವವರಿಗೂ ಕೆಲಸ ಬೇಕಾದಷ್ಟು ಉಂಟು. ಅಭಿನಯ ದರ್ಪಣ ಅನ್ನುವ ಹಳೆಯ ನಾಟ್ಯ ಗ್ರಂಥದಲ್ಲಿ ತಲೆಯ ಚಲನೆ 9, ಕಣ್ಣಿನದು 8, ಕತ್ತಿನದು 4. ಒಂಟಿ ಕೈಯ ಹಸ್ತಗಳು, ಅಂದರೆ ಕೈಮುದ್ರೆಗಳು, 28. ಇಷ್ಟಕ್ಕೂ ಮಂಡಿ ಬೇಕಿಲ್ಲ. ನಾವು ಮಾತ್ರ ಮೊದಲ ವರ್ಷ ಪೂರ್ತಿ ಕಾಲಿನ ಹಿಂದೆಯೇ ಬಿದ್ದಿರುತ್ತೇವೆ.

ಆದರೆ ಸಂಶಯಗಳೂ ಇವೆ. ದೊಡ್ಡ ಸಂಶಯ ತಲೆಬರಹದಲ್ಲಿದೆ. ಬೈದರೂ ಪರವಾಗಿಲ್ಲ, ಹೇಳಿ.

ವಿದ್ವತ್_ಉಡುಪಿ

ಬೈಯುವುದಿಲ್ಲ. ನಿಮ್ಮ ಮನಸ್ಸು ಒಳ್ಳೆಯದು. ಆದರೆ ನಾನು ಒಪ್ಪುವುದಿಲ್ಲ.

ಅರೆಮಂಡಿ ಅಂದರೆ ಸುಮ್ನೆ ಒಂದು ಭಂಗಿ ಅಲ್ಲ. ಅಡವಿನ ರೇಖೆ ಪೂರ್ತಿ ಅದರ ಮೇಲೆ ನಿಂತಿದೆ. ಅದನ್ನು ತೆಗೆದರೆ ಉಳಿಯುವುದು ಕೈ ಮತ್ತು ಮುಖ. ಅದೂ ಚಂದವೇ, ಇಲ್ಲ ಅನ್ನುವುದಿಲ್ಲ. ಆದರೆ ಅದಕ್ಕೆ ಭರತನಾಟ್ಯ ಅಂತ ಬೋರ್ಡ್ ಯಾಕೆ? 'ನೃತ್ಯ ತರಗತಿ' ಅನ್ನಿ, ಯಾರಿಗೂ ತಕರಾರಿಲ್ಲ.

ನರ್ತಕಿ ಸುಧಾ ಚಂದ್ರನ್ ಅವರನ್ನು ನೆನಪು ಮಾಡಿಕೊಳ್ಳಿ. 1981ರಲ್ಲಿ ಬಸ್ ಅಪಘಾತವಾಗಿ ಬಲಗಾಲು ಹೋಯಿತು. ಜೈಪುರ ಕಾಲು ಅನ್ನುವ ಕೃತಕ ಕಾಲು ಹಾಕಿಕೊಂಡು ಅಭ್ಯಾಸ ಮಾಡಿ 1984ರಲ್ಲಿ ಮತ್ತೆ ವೇದಿಕೆ ಹತ್ತಿದರು. ಅವರು ಕಾಲು ಬದಲಿಸಿಕೊಂಡರು, ಶಾಸ್ತ್ರ ಬದಲಿಸಲಿಲ್ಲ. ನನ್ನ ಮಾತು ಇಷ್ಟೇ. ನಾಳೆ ನಿಮ್ಮ ವಿದ್ಯಾರ್ಥಿ ಪರೀಕ್ಷೆಗೆ ಕೂತರೆ ಪರೀಕ್ಷಕರು ಯಾವ ಲೆಕ್ಕದಲ್ಲಿ ಅಂಕ ಕೊಡಬೇಕು?

ಗಾಲಿ_ಹೆಜ್ಜೆ

ನಾನು ವೀಲ್‌ಚೇರ್ ಬಳಸುವವಳು. ಉಡುಪಿಯವಳು, ಈಗ ಮಂಗಳೂರಲ್ಲಿ ಕೆಲಸ. ಈ ಕ್ಲಾಸಿಗೆ ಬಂದವಳಲ್ಲ, ಬೇರೆ ಕಡೆ ಪ್ರಯತ್ನಿಸಿದ್ದೇನೆ.

ವಿದ್ವತ್ ಅವರೇ, ಸುಧಾ ಚಂದ್ರನ್ ಬಗ್ಗೆ ನನಗೂ ತುಂಬಾ ಗೌರವ. ಆದರೆ ನಮ್ಮಂಥವರು ಬಾಯಿ ಬಿಟ್ಟ ಕೂಡಲೇ ಅವರ ಹೆಸರು ಹೇಳುತ್ತೀರಿ. ಎರಡು ಕಾಲಿರುವ ಎಷ್ಟು ಮಕ್ಕಳು ರಂಗಪ್ರವೇಶದ ತನಕ ಹೋಗುತ್ತಾರೆ? ಉಳಿದವರು ಕಲಿತದ್ದು ಭರತನಾಟ್ಯ ಅಲ್ಲ ಅನ್ನುತ್ತೀರಾ? ಅವರಿಗೆ ಸುಮಾರಾಗಿ ಕಲಿಯಲು ಅವಕಾಶ ಉಂಟು. ನಾವು ಮಾತ್ರ ಕಲಿತರೆ ಅದ್ಭುತವಾಗಿಯೇ ಕಲಿಯಬೇಕು. ಇದು ಯಾವ ನ್ಯಾಯ?

ವೀಲ್‌ಚೇರ್ ಮೇಲಿನ ಭರತನಾಟ್ಯ ಹೊಸದೂ ಅಲ್ಲ. ಸೈಯದ್ ಸಲ್ಲಾವುದ್ದೀನ್ ಪಾಷಾ ಅವರ ಎಬಿಲಿಟಿ ಅನ್‌ಲಿಮಿಟೆಡ್ ತಂಡ ಎಷ್ಟೋ ವರ್ಷದಿಂದ ಮಾಡುತ್ತಿದೆ. ವಿಡಿಯೋ ಸಿಗುತ್ತದೆ, ನೋಡಿ. ಗಾಲಿ ತಿರುಗಿಸಿ ಮಾಡುವ ಭ್ರಮರಿಗೆ ಬೇರೆಯದೇ ವೇಗ, ಬೇರೆಯದೇ ಚಂದ.

ತಟ್ಟುಮಣೆ ಅವರಿಗೆ ಎರಡು ಮಾತು. ಯಾರ ವೀಲ್‌ಚೇರನ್ನೂ ಕೇಳದೆ ಮುಟ್ಟಬೇಡಿ, ದೂಡಬೇಡಿ. ಸಹಾಯ ಅಂದುಕೊಂಡು ಹಿಂದಿನಿಂದ ಹಿಡಿಯುತ್ತಾರೆ, ನಮಗೆ ಅದು ಮೈ ಮುಟ್ಟಿದ ಹಾಗೆಯೇ. ಇನ್ನೊಂದು, ಆಸ್ಪತ್ರೆಯಲ್ಲಿ ಇರುವಂಥ ದೊಡ್ಡ ವೀಲ್‌ಚೇರ್‌ಗೆ ಎತ್ತರದ ಕೈಯಾಸರೆ ಇರುತ್ತದೆ. ಮೊಣಕೈ ಅದಕ್ಕೆ ತಾಗುತ್ತದೆ, ನಾಟ್ಯಾರಂಭದ ಕೈ ಸರಿ ಚಾಚಲು ಆಗುವುದಿಲ್ಲ. ಕಳಚುವ ಹಾಗಿದ್ದರೆ ಕಳಚಿಸಿ. ಮತ್ತೆ ನೆಲಕ್ಕೆ ಮ್ಯಾಟ್ ಹಾಸಿದ್ದೀರಾ?

ತಟ್ಟುಮಣೆ_ಬಿಜೈ

ಮ್ಯಾಟ್ ವಿಷಯಕ್ಕೆ ಸರಿಯಾಗಿ ಕೈ ಇಟ್ಟಿರಿ! ನಮ್ಮ ದೊಡ್ಡ ತಲೆನೋವು ಅದೇ. ಹಾಲ್‌ನದು ಗಟ್ಟಿ ನೆಲ. ಅದರ ಮೇಲೆ ಬರಿಗಾಲಲ್ಲಿ ತಟ್ಟಿದರೆ ದೊಡ್ಡವರ ಹಿಮ್ಮಡಿ, ಮಂಡಿ ಎರಡೂ ಹಾಳು. ದಪ್ಪ ರಬ್ಬರ್ ಮ್ಯಾಟ್ ಹಾಕಿದರೆ ಗಾಲಿ ಹೂತುಕೊಂಡು ತಿರುಗುವುದೇ ಇಲ್ಲ. ಒಬ್ಬರಿಗೆ ಅನುಕೂಲ ಆದದ್ದು ಇನ್ನೊಬ್ಬರಿಗೆ ಅಡ್ಡಿ. ಎಲ್ಲರಿಗೂ ಆಗುವ ಕ್ಲಾಸ್ ಅಂತ ಬಾಯಲ್ಲಿ ಹೇಳುವುದು ಸುಲಭ. ಈಗ ಹಾಲ್‌ನ ಅರ್ಧಕ್ಕೆ ಮ್ಯಾಟ್, ಇನ್ನರ್ಧ ಬರಿ ನೆಲ. ಮ್ಯಾಟ್‌ನ ಅಂಚೇ ಕಣ್ಣು ಕಾಣದ ಹುಡುಗನಿಗೆ ಗುರುತೂ ಆಯಿತು. ಕಾಲಿಗೆ ಅಂಚು ಸಿಕ್ಕಿದರೆ ತಾನು ಎಲ್ಲಿ ನಿಂತಿದ್ದೇನೆ ಅಂತ ಅವನಿಗೆ ತಿಳಿಯುತ್ತದೆ.

ವಿದ್ವತ್ ಅವರೇ, ಪರೀಕ್ಷೆಗೆ ಕಳಿಸುವ ಯೋಚನೆ ಸದ್ಯ ನನಗಿಲ್ಲ. ಬೋರ್ಡ್ ಬಗ್ಗೆ ಮಾತ್ರ ಒಂದು ಪ್ರಶ್ನೆ. ವಯಸ್ಸಾದ ಹಿರಿಯ ಕಲಾವಿದೆ ನೆಲದ ಮೇಲೆ ಕೂತು 'ಪದ' ಅನ್ನುವ ಒಂದು ಹಾಡಿಗೆ ಅಭಿನಯ ಮಾಡುತ್ತಾರೆ. ಸಭೆ ಉಸಿರು ಬಿಗಿಹಿಡಿದು ನೋಡುತ್ತದೆ. ಅಲ್ಲಿ ಅರೆಮಂಡಿ ಎಲ್ಲಿದೆ? ಆದರೂ ಅದು ಭರತನಾಟ್ಯ ಅಲ್ಲ ಅಂತ ಯಾರೂ ಎದ್ದು ಹೋಗುವುದಿಲ್ಲ.

ಫಿಸಿಯೋ_ಮಣಿಪಾಲ

ನಡುವೆ ಬಾಯಿ ಹಾಕುತ್ತೇನೆ, ಶಾಸ್ತ್ರದ ವಿಷಯಕ್ಕಲ್ಲ.

ದೊಡ್ಡವರಾದ ಮೇಲೆ ಕಲಿಯುವವರು ಅರೆಮಂಡಿಯಲ್ಲಿ ಪಾದವನ್ನು ಬಲವಂತವಾಗಿ ಪಕ್ಕಕ್ಕೆ ತಿರುಗಿಸುತ್ತಾರೆ. ತಿರುವು ಬರಬೇಕಾದ್ದು ಸೊಂಟದ ಕೀಲಿನಿಂದ. ಅಲ್ಲಿ ಬಾರದೆ ಇದ್ದಾಗ ಮಂಡಿ ತಿರುಚಿಕೊಳ್ಳುತ್ತದೆ. ಮಂಡಿಯ ಚಿಪ್ಪು ಪಾದದ ಬೆರಳುಗಳ ದಿಕ್ಕಿಗೇ ನೋಡುತ್ತಿದೆಯಾ ಅಂತ ಗಮನಿಸಿ. ಇಲ್ಲದಿದ್ದರೆ ಪಾದ ಸ್ವಲ್ಪ ಒಳಗೆ ತನ್ನಿ, ಮಂಡಿ ಬಗ್ಗಿಸುವುದೂ ಕಡಿಮೆ ಮಾಡಿ. ಸೊಂಟದ ಕೀಲಿನ ರಚನೆ ಒಬ್ಬೊಬ್ಬರದು ಒಂದೊಂದು ಥರ. ಎಷ್ಟು ವರ್ಷ ಅಭ್ಯಾಸ ಮಾಡಿದರೂ ಕೆಲವರಿಗೆ ಚಿತ್ರದಲ್ಲಿರುವ ಅರೆಮಂಡಿ ಬರುವುದಿಲ್ಲ. ಅವರಿಗೆ ಬೇರೆ ಯಾವ ತೊಂದರೆಯೂ ಇರಬೇಕೆಂದಿಲ್ಲ.

ಡೌನ್ ಸಿಂಡ್ರೋಮ್ ಇರುವ ಮಕ್ಕಳು ಬಂದರೆ ಒಂದು ಮುಖ್ಯ ಎಚ್ಚರ. ಕೆಲವರಿಗೆ ಕತ್ತಿನ ಮೇಲ್ಭಾಗದ ಮೊದಲ ಎರಡು ಮೂಳೆಗಳ ಜೋಡಣೆ ಸಡಿಲ ಇರುತ್ತದೆ. ನೀವು ಹೇಳಿದ ತಲೆ, ಕತ್ತಿನ ಚಲನೆಗಳನ್ನು ಅವರಿಗೆ ಜೋರಾಗಿ, ಜರ್ಕ್ ಕೊಟ್ಟು ಮಾಡಿಸಬೇಡಿ. ಪಲ್ಟಿ ಹೊಡೆಸುವುದು ಬೇಡವೇ ಬೇಡ. ಆ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ. ಡಾಕ್ಟರ್ ಹತ್ತಿರ ಕೇಳಿಕೊಂಡು ಬನ್ನಿ ಅಂತ ಹೆತ್ತವರಿಗೆ ಮೊದಲೇ ಹೇಳಿ. ನಡಿಗೆ ಬದಲಾದರೆ, ಕತ್ತು ನೋವು ಅಂದರೆ, ಕೈಕಾಲು ಸೋತಂತೆ ಆದರೆ ಆ ದಿನವೇ ಕ್ಲಾಸ್ ನಿಲ್ಲಿಸಿ ಡಾಕ್ಟರಿಗೆ ತೋರಿಸಬೇಕು.

ಉಳ್ಳಾಲದ_ಅಮ್ಮ

ಫಿಸಿಯೋ ಅವರು ಬರೆದದ್ದನ್ನು ಪ್ರಿಂಟ್ ತೆಗೆದು ಎಲ್ಲ ಡ್ಯಾನ್ಸ್ ಕ್ಲಾಸ್ ಗೋಡೆಗೂ ಅಂಟಿಸಬೇಕು. ನನ್ನ ಮಗಳಿಗೆ ಡೌನ್ ಸಿಂಡ್ರೋಮ್. ಇಷ್ಟು ವರ್ಷದಲ್ಲಿ ಒಬ್ಬ ಟೀಚರೂ ಕತ್ತಿನ ವಿಷಯ ಕೇಳಿದ್ದಿಲ್ಲ.

ನನಗೆ ಹೇಳಬೇಕಾದ್ದು ಬೇರೆ. ದಯವಿಟ್ಟು ಸ್ಟೇಜ್ ಬಗ್ಗೆ ಯೋಚಿಸಿ. ಒಂದು ಸಂಸ್ಥೆಯ ವಾರ್ಷಿಕೋತ್ಸವದಲ್ಲಿ ಮಗಳನ್ನು ಕುಣಿಸಿದರು. ಮೊದಲು ಅತಿಥಿಗಳ ಭಾಷಣ. 'ದೇವರ ಮಕ್ಕಳು' ಅಂದರು. ಆಮೇಲೆ ಮೂರು ನಿಮಿಷದ ಹಾಡು. ಪರದೆಯ ಪಕ್ಕ ಟೀಚರ್ ನಿಂತು ಕೈ ತೋರಿಸುತ್ತಿದ್ದರು, ಮಕ್ಕಳು ಅರ್ಧಂಬರ್ಧ ಮಾಡಿದರು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಶಾಲು, ಫೋಟೋ. ಮಗಳಿಗೆ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ನನಗೆ ಮಾತ್ರ ಕಸಿವಿಸಿ. ಅವಳಿಗೆ ಆ ಹಾಡು ಸರಿಯಾಗಿ ಕಲಿಸಿಯೇ ಇರಲಿಲ್ಲ. ತಪ್ಪು ಮಾಡಿದರೂ ಜನ ಕೈ ತಟ್ಟುತ್ತಾರೆ ಅಂತ ಕಲಿಸುವವರಿಗೆ ಗೊತ್ತಿತ್ತು.

ನನ್ನ ಮಗಳನ್ನು ತಿದ್ದುವ ಟೀಚರ್ ಬೇಕು. ಕೈ ತಪ್ಪಾದರೆ 'ಇನ್ನೊಮ್ಮೆ ಮಾಡು' ಅನ್ನಬೇಕು. ನಿಧಾನ ಆಗುತ್ತದೆ, ಆದರೆ ಅವಳು ಕಲಿಯುತ್ತಾಳೆ.

ವಿದ್ವತ್_ಉಡುಪಿ

ಉಳ್ಳಾಲದ ಅಮ್ಮನವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ನಾನು ಹೇಳುತ್ತಿದ್ದುದೂ ಇದನ್ನೇ. ಮಟ್ಟ ಇಳಿಸಬೇಡಿ.

ಗಾಲಿ_ಹೆಜ್ಜೆ

ಇಲ್ಲ, ನೀವು ಹೇಳಿದ್ದು ಅದಲ್ಲ. ಅವರು ಸರಿಯಾಗಿ ತಿದ್ದಿ ಅಂದರು. ನೀವು ಬೋರ್ಡ್ ತೆಗೆಯಿರಿ ಅಂದಿರಿ. 🙂

ಚೆಂಡೆಪೆಟ್ಟು

ಬಿಸಿ ಏರುವ ಮೊದಲು ಯಕ್ಷಗಾನದವನ ಎರಡು ಮಾತು ಕೇಳಿ ಮಾರಾಯ್ರೆ.

ನಮ್ಮಲ್ಲಿ ತಾಳಮದ್ದಳೆ ಉಂಟು. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಪ್ರಸಂಗ. ಅದೇ ಭಾಗವತಿಕೆ, ಅದೇ ಚೆಂಡೆ ಮದ್ದಳೆ. ದಿಗಿಣ (ಹಾರಿ ಸುತ್ತುವುದು) ಹೊಡೆಯಲಾಗದ ಅರ್ಥಧಾರಿಯನ್ನು, ಅಂದರೆ ಕೂತು ಮಾತು ಹೇಳುವವನನ್ನು, ಯಕ್ಷಗಾನದವನಲ್ಲ ಅಂತ ಯಾರಾದರೂ ಅಂದದ್ದುಂಟಾ? ಕರಾವಳಿಯವರಿಗೆ ಇದು ಹೊಸ ವಿಚಾರವೇ ಅಲ್ಲ. ಹಾಗಂತ ತಾಳಮದ್ದಳೆಯನ್ನು ಆಟ (ವೇಷ ಕಟ್ಟಿ ಕುಣಿಯುವ ಯಕ್ಷಗಾನ) ಅಂತಲೂ ಕರೆಯುವುದಿಲ್ಲ. ಹಾಗಾಗಿ ಇಬ್ಬರಿಗೂ ಅರ್ಧರ್ಧ ಅಂಕ.

ಕಿವಿ ಕೇಳದವರಿಗೆ ಹುಲಿವೇಷದ ತಾಸೆ ಡೋಲು ಕೊಟ್ಟು ನೋಡಿ. ಹತ್ತಿರ ನಿಂತರೆ ಆ ಪೆಟ್ಟು ಎದೆಗೂಡಿಗೇ ಬಂದು ಬಡಿಯುತ್ತದೆ. ಕಿವಿಯ ಹಂಗೇ ಇಲ್ಲ. ನವರಾತ್ರಿಯಲ್ಲಿ ನಮ್ಮ ಬೀದಿಯ ಕಿವಿ ಕೇಳದ ಹುಡುಗನೊಬ್ಬ ಹುಲಿ ಹೆಜ್ಜೆ ಹಾಕುವುದು ನೋಡಿದ್ದೇನೆ. ಉಳಿದ ಹುಲಿಗಳಿಗಿಂತ ಒಂದು ಕೈ ಮೇಲೆಯೇ.

ತಟ್ಟುಮಣೆ_ಬಿಜೈ

ತಾಸೆ ಒಳ್ಳೆಯ ಐಡಿಯಾ, ಆದರೆ ನಮ್ಮಲ್ಲಿ ಮತ್ತೆ ಮ್ಯಾಟ್ ಕಥೆಯೇ. ಆಟಿಸಂ ಇರುವ ಒಬ್ಬ ಹುಡುಗನಿಗೆ, ತಾಳಕ್ಕೆ ಮರದ ಮಣೆಯ ಮೇಲೆ ಹೊಡೆಯುವ ತಟ್ಟುಕೋಲಿನ ಸದ್ದೇ ಜಾಸ್ತಿ. ಮೊದಲೆಲ್ಲ ಕಿವಿ ಮುಚ್ಚಿಕೊಂಡು ಹೊರಗೆ ಓಡುತ್ತಿದ್ದ. ಈಗ ಮಣೆಯ ಮೇಲೆ ಬಟ್ಟೆ ಹಾಸಿ ತಟ್ಟುತ್ತೇನೆ. ಇವತ್ತಿನ ಕ್ಲಾಸಿನಲ್ಲಿ ಏನೇನು ಬರುತ್ತದೆ ಅಂತ ಚಿತ್ರ ಬರೆದು ಗೋಡೆಗೆ ಅಂಟಿಸುತ್ತೇನೆ. ನಮಸ್ಕಾರ, ತಟ್ಟಡವು, ಹಸ್ತ, ನೀರು ಕುಡಿಯುವುದು, ಕಥೆ, ನಮಸ್ಕಾರ. ಮುಗಿದದ್ದನ್ನು ಅವನೇ ತೆಗೆಯುತ್ತಾನೆ. ಈ ಚಿತ್ರದ ಸಾಲು ಅವನಿಗಾಗಿ ಮಾಡಿದ್ದು. ಈಗ ನೋಡಿದರೆ ಎಲ್ಲರೂ ಅದನ್ನೇ ನೋಡುತ್ತಾರೆ. ನೀರಿನ ಚಿತ್ರ ಎಷ್ಟು ದೂರ ಉಂಟು ಅಂತ ಮಂಡಿ ನೋವಿನ ಅಜ್ಜಿಗೆ ಎಲ್ಲರಿಗಿಂತ ಜಾಸ್ತಿ ಕುತೂಹಲ.

ಕಿವಿ ಕೇಳದವರ ವಿಷಯದಲ್ಲಿ ನನಗೆ ಧೈರ್ಯ ಕೊಟ್ಟದ್ದು ಚೀನಾದ ತಂಡ. 2004ರ ಅಥೆನ್ಸ್ ಪ್ಯಾರಾಲಿಂಪಿಕ್ಸ್ ಸಮಾರೋಪದಲ್ಲಿ ಸಾವಿರ ಕೈಗಳ ನೃತ್ಯ ಮಾಡಿದರಲ್ಲ, ಅವರು. ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಿಂತು ಮಾಡುವುದು. ಕುಣಿಯುವವರಿಗೆ ಕಿವಿ ಕೇಳುವುದಿಲ್ಲ. ಮೂಲೆಗಳಲ್ಲಿ ನಿಂತವರು ಕೈಸನ್ನೆಯಲ್ಲಿ ಲೆಕ್ಕ ಕೊಡುತ್ತಾರೆ. ತಾಳ ಹಾಕಿ ಸೊಲ್ಲು ಹೇಳುವ ನಮ್ಮ ನಟುವಾಂಗದವರನ್ನೂ ಹಾಗೆ ಎದುರಿಗೆ ಕೂರಿಸಬಹುದು. ಪಕ್ಕದಲ್ಲೇ ಕೂರಬೇಕು ಅನ್ನುವುದು ವೇದಿಕೆಯ ರೂಢಿ, ಅಷ್ಟೇ.

ಉಳ್ಳಾಲದ ಅಮ್ಮನವರೇ, ಸ್ಟೇಜ್ ಬಗ್ಗೆ ನನ್ನ ನಿಯಮ ಒಂದೇ. ಮನೆಯವರನ್ನು ಕರೆದು ಹಾಲ್‌ನಲ್ಲೇ ತೋರಿಸುತ್ತೇವೆ. ಭಾಷಣ ಇಲ್ಲ, ಶಾಲು ಇಲ್ಲ. ಕಲಿತದ್ದು ಗಟ್ಟಿಯಾದ ಮೇಲೆ ಮಾತ್ರ ಹೊರಗೆ. 'ವಿಶೇಷ ಮಕ್ಕಳ ಕಾರ್ಯಕ್ರಮ' ಅಂತ ಕರೆದರೆ ಹೋಗುವುದಿಲ್ಲ. ಮಗಳನ್ನು ಕಳಿಸಿ, ತಿದ್ದುತ್ತೇನೆ.

ಬೋಳಾರ_ಬಾಯ್

ನಮ್ಮ ಕೊಂಕಣಿ ಮದುವೆಗಳಲ್ಲಿ ಬೈಲಾ ಶುರುವಾದರೆ ಊರುಗೋಲಿನ ಅಜ್ಜನೂ ಕುಣಿಯುತ್ತಾನೆ, ಯಾರೂ ಶಾಸ್ತ್ರ ಕೇಳುವುದಿಲ್ಲ. ನೀವೆಲ್ಲ ಒಮ್ಮೆ ಮದುವೆಯ ಹಿಂದಿನ ದಿನದ ರೋಸ್‌ ಶಾಸ್ತ್ರಕ್ಕೆ ಬನ್ನಿ, ಚರ್ಚೆ ಅಲ್ಲೇ ಮುಗಿಯುತ್ತದೆ 😀

ಕಾನೂನು_ಕುಂದಾಪುರ

ಪರೀಕ್ಷೆಯ ವಿಷಯ ಬಂತಲ್ಲ, ಅದಕ್ಕೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 29ನೇ ಸೆಕ್ಷನ್ ಸಂಸ್ಕೃತಿ ಮತ್ತು ಮನರಂಜನೆಯದ್ದು. ಕಲಾ ವಿಷಯಗಳ ಕೋರ್ಸುಗಳನ್ನು ಇವರೂ ಭಾಗವಹಿಸುವ ಹಾಗೆ ಮರುರೂಪಿಸಲು ಸರ್ಕಾರ ಕ್ರಮ ಕೈಗೊಳ್ಳಬೇಕು ಅಂತ ಅದರಲ್ಲೇ ಇದೆ. 1995ರ ಹಳೆ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು, ಹೊಸದರಲ್ಲಿ 21. ಪಾರ್ಕಿನ್ಸನ್ಸ್, ಆಟಿಸಂ ಎರಡೂ ಸೇರಿವೆ. ಪರೀಕ್ಷಕರು ಯಾವ ಲೆಕ್ಕದಲ್ಲಿ ಅಂಕ ಕೊಡಬೇಕು ಅನ್ನುವುದು ಒಳ್ಳೆಯ ಪ್ರಶ್ನೆಯೇ. ಆದರೆ ಅದನ್ನು ಕೇಳಬೇಕಾದ್ದು ಪಠ್ಯ ಮಾಡುವವರ ಹತ್ತಿರ. ಕಲಿಯಲು ಬಂದವರ ಹತ್ತಿರ ಅಲ್ಲ.

ವಿದ್ವತ್_ಉಡುಪಿ

ಕಾನೂನು ಅವರ ಮಾತು ಯೋಚನೆಗೆ ಹಚ್ಚಿತು. ಲಿಖಿತ ಪರೀಕ್ಷೆ, ತಾಳ ಹಾಕುವುದು, ಹಸ್ತ ಮತ್ತು ಅವುಗಳ ಬಳಕೆ, ಅಭಿನಯ, ಇಷ್ಟಕ್ಕೆ ಎಲ್ಲರಿಗೂ ಒಂದೇ ಅಳತೆ ಇಡಬಹುದು, ಇದನ್ನು ಒಪ್ಪುತ್ತೇನೆ. ಅಡವಿನ ವಿಷಯದಲ್ಲಿ ನನ್ನ ಅಭಿಪ್ರಾಯ ಅಲ್ಲೇ ಇದೆ. ಕೂತು ಮಾಡುವ ಅಡವಿಗೆ ಬೇರೆ ವ್ಯಾಕರಣ ಬರೆಯಬೇಕು. ಗಾಲಿ ಎಷ್ಟು ತಿರುಗಬೇಕು, ಭುಜ ಎಲ್ಲಿರಬೇಕು, ಯಾವುದು ಸರಿ, ಯಾವುದು ತಪ್ಪು ಅಂತ. ತಪ್ಪು ಯಾವುದು ಅಂತ ಹೇಳಲು ಬಾರದಿದ್ದರೆ ಅದು ಶಾಸ್ತ್ರೀಯ ಆಗುವುದಿಲ್ಲ.

ಗಾಲಿ_ಹೆಜ್ಜೆ

ಹೋ, ಇದು ನನಗೂ ಬೇಕು. ಬರೆಯುವಾಗ ನನ್ನನ್ನೂ ಕೂರಿಸಿಕೊಳ್ಳಿ. ವೀಲ್‌ಚೇರ್ ಇಲ್ಲದವರೇ ಕೂತು ಬರೆದರೆ ಮತ್ತೆ ಮೊದಲಿನಿಂದ ಜಗಳ.

ಕಾವೂರು_ಕಾಕ

ಫೀಸ್ ಎಷ್ಟು ತಗೊಳ್ಳುತ್ತೀರಿ? ಇಂಥವರಿಗೆ ಫ್ರೀ ಇರಬೇಕಲ್ಲ.

ತಟ್ಟುಮಣೆ_ಬಿಜೈ

ಎಲ್ಲರಿಗೂ ಒಂದೇ ಫೀಸ್. ಫ್ರೀ ಅಂದ ಕೂಡಲೇ ಅದು ಸೇವೆ ಆಗುತ್ತದೆ. ಸೇವೆ ಆದ ಮೇಲೆ ಕ್ಲಾಸ್ ಚೆನ್ನಾಗಿಲ್ಲ ಅಂತ ಹೇಳಲು ಅವರಿಗೆ ಬಾಯಿ ಬರುವುದಿಲ್ಲ. ದುಡ್ಡು ಕೊಟ್ಟವರು ಕೇಳುತ್ತಾರೆ, ಕೇಳಬೇಕು. ಕೊಡಲು ಕಷ್ಟ ಇದ್ದವರು ನನ್ನ ಹತ್ತಿರ ಹೇಳಿದರೆ ಸಾಕು, ಆ ವಿಷಯ ನಮ್ಮಿಬ್ಬರಲ್ಲೇ ಇರುತ್ತದೆ. ಕಷ್ಟ ಇರುವವರು ಅಂದರೆ ಬರಿ ವೀಲ್‌ಚೇರ್‌ನವರು ಅಂತ ಅಲ್ಲ ಕಾಕ. ಎರಡು ಕಾಲಿದ್ದು ದುಡ್ಡಿಲ್ಲದವರೂ ಬರುತ್ತಾರೆ.

ನಿಜವಾದ ಖರ್ಚು ಬೇರೆ ಇದೆ. ನಮ್ಮ ಸಿಟಿ ಬಸ್ಸುಗಳ ಮೆಟ್ಟಿಲು ನೋಡಿದ್ದೀರಲ್ಲ. ವೀಲ್‌ಚೇರ್ ಇದ್ದವರಿಗೆ ಆಟೋ ಅಥವಾ ಕಾರೇ ಗತಿ. ತಿಂಗಳ ಲೆಕ್ಕ ಹಾಕಿದರೆ ಆಟೋ ದುಡ್ಡು ಫೀಸಿಗಿಂತ ಜಾಸ್ತಿ. ಫ್ರೀ ಮಾಡಬೇಕಾದ್ದು ಇದ್ದರೆ ಅದನ್ನು.

ಮಲ್ಪೆ_ಮೀನು

ಇಡೀ ಚರ್ಚೆ ಓದಿದೆ. ನನ್ನ ಅಪ್ಪನಿಗೆ ಪಾರ್ಕಿನ್ಸನ್ಸ್. ಪ್ರಾಯದಲ್ಲಿ ಅಷ್ಟಮಿಗೆ ಹುಲಿವೇಷ ಹಾಕಿದ ಜನ. ಈಗ ಬಾಗಿಲ ಹತ್ತಿರ ಬಂದರೆ ಕಾಲು ಅಂಟಿಕೊಂಡ ಹಾಗೆ ನಿಂತುಬಿಡುತ್ತದೆ. ಈಗ ನನ್ನ ಜೊತೆ ಮಂಗಳೂರಲ್ಲೇ ಇದ್ದಾರೆ. ಅವರಿಗೆ ಭರತನಾಟ್ಯದ ಗಂಧ ಗಾಳಿ ಇಲ್ಲ. ಕರೆದುಕೊಂಡು ಬರಬಹುದಾ?

ಫಿಸಿಯೋ_ಮಣಿಪಾಲ

ಖಂಡಿತ ಪ್ರಯತ್ನಿಸಿ, ಅವರ ಡಾಕ್ಟರಿಗೆ ತಿಳಿಸಿ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮಾರ್ಕ್ ಮಾರಿಸ್ ಡ್ಯಾನ್ಸ್ ಗ್ರೂಪ್ 2001ರಿಂದ ಪಾರ್ಕಿನ್ಸನ್ಸ್ ಇರುವವರಿಗಾಗಿ ಕ್ಲಾಸ್ ನಡೆಸುತ್ತಿದೆ. ಅಂಥ ಕ್ಲಾಸುಗಳು ಈಗ ಬೇರೆ ಬೇರೆ ದೇಶಗಳಲ್ಲೂ ಇವೆ. ಹೊರಗಿನಿಂದ ಬರುವ ತಾಳ, ನೆಲದ ಮೇಲಿನ ಗೆರೆ, ಇವು ನಿಂತುಹೋದ ಕಾಲನ್ನು ಎತ್ತಿಡಲು ನೆರವಾಗುತ್ತವೆ. ರೋಗ ವಾಸಿಯಾಗುತ್ತದೆ ಅಂತ ಅಲ್ಲ. ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿರುವ ಹೊತ್ತಿಗೆ ಕ್ಲಾಸ್ ಬರುವ ಹಾಗೆ ನೋಡಿಕೊಳ್ಳಿ. ಪಕ್ಕದಲ್ಲಿ ಒಬ್ಬರು ಇರಲೇಬೇಕು. ಬೀಳುವ ಅಪಾಯ ಉಂಟು.

ತಟ್ಟುಮಣೆ_ಬಿಜೈ

ಬನ್ನಿ. ಹಾಲ್ ಕೆಳಗಿನ ಅಂತಸ್ತಿನಲ್ಲೇ ಇದೆ, ಬಿಜೈಯ ಕೆಎಸ್‌ಆರ್‌ಟಿಸಿ ನಿಲ್ದಾಣದಿಂದ ದೂರ ಇಲ್ಲ. ವಿಳಾಸ ಮೆಸೇಜ್‌ನಲ್ಲಿ ಕಳಿಸುತ್ತೇನೆ. ಮೊದಲ ದಿನ ಕೈಯಿಲ್ಲದ ಗಟ್ಟಿ ಕುರ್ಚಿಯಲ್ಲಿ ಕೂತೇ ಮಾಡಲಿ. ಬಣ್ಣದ ಟೇಪ್‌ನಲ್ಲಿ ನೆಲಕ್ಕೆ ಗೆರೆ ಹಾಕಿಡುತ್ತೇನೆ. ಬರಿಗಾಲೇ ಬೇಕೆಂದಿಲ್ಲ, ಜಾರದ ಚಪ್ಪಲಿ ಇರಲಿ. ಮಳೆ ಜೋರಿದ್ದ ದಿನ ನೆಲ ಬೆವರುತ್ತದೆ, ಅವತ್ತು ಎಲ್ಲರಿಗೂ ಕೂತೇ ಕ್ಲಾಸ್.

ಮಲ್ಪೆ_ಮೀನು

ಅಪ್ಪನಿಗೆ ಹೇಳಿದೆ. ತಾಸೆ ಉಂಟಾ ಅಂತ ಕೇಳುತ್ತಿದ್ದಾರೆ.

ಚೆಂಡೆಪೆಟ್ಟು

ನನ್ನ ಹತ್ತಿರ ಉಂಟು, ತರುತ್ತೇನೆ!

ತಟ್ಟುಮಣೆ_ಬಿಜೈ

ತನ್ನಿ, ಆದರೆ ಕ್ಲಾಸ್ ಮುಗಿದ ಮೇಲೆ, ಹೊರಗಿನ ಜಗಲಿಯಲ್ಲಿ. ಸದ್ದು ತಡೆಯದ ನಮ್ಮ ಹುಡುಗ ಮನೆಗೆ ಹೊರಟನಾ ಅಂತ ನೋಡಿಕೊಂಡು ಶುರು ಮಾಡೋಣ.